ತರಗತಿಯ ಹೊಸ್ತಿಲವರೆಗೆ

2001ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಒಂದು ಯಕ್ಷಗಾನ ಬ್ಯಾಲೆ ನಡೆಯಿತು. ಪ್ರಸಂಗ ‘ಅಭಿಮನ್ಯು ವಧೆ’. ಆಡಿಸಿದ್ದು ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್, ಟಿ.ಎಂ.ಎ. ಪೈ ಅವರು 1942ರಲ್ಲಿ ಕಟ್ಟಿದ ಸಂಸ್ಥೆ. ಆಟದ ಕ್ರಮ ಶಿವರಾಮ ಕಾರಂತರು ರೂಪಿಸಿದ್ದು. ಕಾರಂತರು ತೀರಿಕೊಂಡು ಆಗ ನಾಲ್ಕು ವರ್ಷವಾಗುತ್ತ ಬಂದಿತ್ತು. 1994ರಲ್ಲಿ ಬರೆದ ಉಯಿಲಿನಲ್ಲಿ ಅವರು ತಮ್ಮ ಕೃತಿಗಳ ಹಕ್ಕನ್ನು ಮಾಲಿನಿ ಮಲ್ಯ ಅವರಿಗೆ ಕೊಟ್ಟಿದ್ದರು. ತಮ್ಮನ್ನು ಕೇಳದೆ ಆಡಿದ್ದು ತಪ್ಪು ಎಂದು ಮಲ್ಯ ಅವರು ದಾವೆ ಹೂಡಿದರು. ಉಡುಪಿಯ ಜಿಲ್ಲಾ ನ್ಯಾಯಾಲಯ ಅವರ ಮಾತನ್ನು ಒಪ್ಪಿತು, ಹೈಕೋರ್ಟ್ ಬಹುಮಟ್ಟಿಗೆ ಅದನ್ನೇ ಎತ್ತಿಹಿಡಿಯಿತು. 2009ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಹಕ್ಕು ಅವರದೇ ಎಂದಿತು.

ಆದರೆ ಸುಪ್ರೀಂ ಕೋರ್ಟ್ ಅಲ್ಲಿಗೇ ನಿಲ್ಲಲಿಲ್ಲ. ಸಂಸ್ಥೆಯ ಮೇಲಿದ್ದ ತಡೆಯಾಜ್ಞೆಯನ್ನು ಕೊಂಚ ಸಡಿಲಿಸಿತು. ಶಿಕ್ಷಣ ಸಂಸ್ಥೆಯಾಗಿ, ಕಾಯ್ದೆ ಹೇಳಿದ ಮಿತಿಯೊಳಗೆ ಕಟ್ಟುನಿಟ್ಟಾಗಿ ನಿಂತು ಆಡಿದರೆ ತಡೆ ಅನ್ವಯಿಸುವುದಿಲ್ಲ ಎಂದಿತು. ಹವ್ಯಾಸಿ ಸಂಘದ ಲಕ್ಷಣಕ್ಕೆ ಒಳಪಟ್ಟು, ಹಣ ಕೊಡದ ಪ್ರೇಕ್ಷಕರ ಮುಂದೆ ಆಡಿದರೂ ಅಷ್ಟೇ ಎಂದಿತು. ಅದೇ ಪ್ರಸಂಗ, ಅದೇ ಹೆಜ್ಜೆ, ಅದೇ ವೇಷ. ಈ ಮಿತಿ ಮೀರಿ ಊರಾಚೆಯ ರಂಗದಲ್ಲಿ ಆಡಿದರೆ ಉಲ್ಲಂಘನೆ. ಕಾಲೇಜಿನ ಅಂಗಳದಲ್ಲಿ ಹುಡುಗರು ತಮ್ಮ ಮೇಷ್ಟ್ರು, ತಂದೆತಾಯಿಗಳ ಎದುರು ಆಡಿದರೆ ಪಾಠದ ಭಾಗ. ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಹಾಡು, ಕುಣಿತ, ನಾಟಕಗಳ ಮೂಲಕವೇ ಕಲಿಸಲು ಹೊರಟಿದ್ದ ಕಾರಂತರ ಕೃತಿಯ ಮೇಲೆಯೇ ಈ ಗೆರೆ ಎಳೆಯಬೇಕಾಗಿ ಬಂತು.

ಆ ಗೆರೆ ಎಲ್ಲಿದೆ ಎಂದು ನಮ್ಮ ಶಿಕ್ಷಕರಲ್ಲಿ ಬಹಳ ಮಂದಿಗೆ ಯಾರೂ ಹೇಳಿಲ್ಲ. ಪುಸ್ತಕದ ಎರಡನೇ ಪುಟದಲ್ಲಿ ಎಲ್ಲ ಹಕ್ಕುಗಳನ್ನೂ ಕಾಯ್ದಿರಿಸಲಾಗಿದೆ ಎಂಬ ಸಾಲು ಕಂಡ ಕೂಡಲೇ ಒಂದು ಕವನವನ್ನು ಮೂವತ್ತು ಮಕ್ಕಳಿಗೆ ಜೆರಾಕ್ಸ್ ಮಾಡಿಸಿ ಹಂಚಲೂ ಹಿಂಜರಿಯುವವರನ್ನು ನೋಡಿದ್ದೇನೆ. ಹೋದ ತಿಂಗಳಷ್ಟೇ ಮಾರುಕಟ್ಟೆಗೆ ಬಂದ ಕಾದಂಬರಿಯನ್ನು ಇಡಿಯಾಗಿ ಸ್ಕ್ಯಾನ್ ಮಾಡಿ, ಸಾವಿರಾರು ಜನರಿರುವ ಟೆಲಿಗ್ರಾಂ ಗುಂಪಿಗೆ ಹಾಕಿ, ‘ವಿದ್ಯಾರ್ಥಿಗಳ ಅನುಕೂಲಕ್ಕಾಗಿ’ ಎಂದು ಬರೆಯುವವರನ್ನೂ ನೋಡಿದ್ದೇನೆ. ಮೊದಲನೆಯವರಿಗೆ ಕಾನೂನು ಕೊಟ್ಟಿರುವ ಸ್ವಾತಂತ್ರ್ಯ ಗೊತ್ತಿಲ್ಲ. ಎರಡನೆಯವರಿಗೆ ಅದರ ಮಿತಿ ಗೊತ್ತಿಲ್ಲ. ನಷ್ಟ ಎರಡೂ ಕಡೆ ಆಗುತ್ತದೆ. ಒಂದು ಕಡೆ ಮಗು ಒಂದು ಒಳ್ಳೆಯ ಕವನವನ್ನು ಕಳೆದುಕೊಳ್ಳುತ್ತದೆ, ಇನ್ನೊಂದು ಕಡೆ ಲೇಖಕ ಓದುಗರನ್ನು ಕಳೆದುಕೊಳ್ಳುತ್ತಾನೆ.

ನಮ್ಮ ಹಕ್ಕುಸ್ವಾಮ್ಯ ಕಾಯ್ದೆ 1957ರದ್ದು. ಅದರ 52ನೇ ಸೆಕ್ಷನ್ ಯಾವುದು ಉಲ್ಲಂಘನೆ ಅಲ್ಲ ಎಂದು ಪಟ್ಟಿ ಮಾಡುತ್ತದೆ. ಆ ಉದ್ದನೆಯ ಪಟ್ಟಿಯಲ್ಲಿ ‘ಐ’ ಎಂಬ ಉಪಖಂಡವೊಂದನ್ನು ಪ್ರತಿ ಶಿಕ್ಷಕರೂ ತಿಳಿದಿರಬೇಕು. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರಾಗಲಿ ವಿದ್ಯಾರ್ಥಿಯಾಗಲಿ ಯಾವುದೇ ಕೃತಿಯನ್ನು ಪ್ರತಿ ಮಾಡಿಕೊಳ್ಳುವುದು, ಪರೀಕ್ಷೆಯ ಪ್ರಶ್ನೆಯಲ್ಲಿ ಅದನ್ನು ಬಳಸುವುದು, ಉತ್ತರದಲ್ಲಿ ಬರೆಯುವುದು, ಈ ಮೂರೂ ಉಲ್ಲಂಘನೆಯಲ್ಲ. ಇಷ್ಟು ಪುಟ, ಇಷ್ಟು ಶೇಕಡಾ ಎಂಬ ಅಳತೆ ಅಲ್ಲಿ ಇಲ್ಲ. ಶಿಕ್ಷಕರು ಸರ್ಕಾರಿ ಶಾಲೆಯವರಾಗಿರಬೇಕು ಎಂಬ ಷರತ್ತೂ ಇಲ್ಲ. ಕಾಯ್ದೆ ಕೇಳುವುದು ಒಂದನ್ನೇ: ಇದು ಬೋಧನೆಯ ಸಂದರ್ಭವೇ?

‘ಬೋಧನೆಯ ಸಂದರ್ಭ’ ಎಂದರೆ ಏನು ಎಂಬ ಪ್ರಶ್ನೆ ಇತ್ಯರ್ಥಕ್ಕೆ ಬಂದದ್ದು ದೆಹಲಿಯ ಒಂದು ಜೆರಾಕ್ಸ್ ಅಂಗಡಿಯಿಂದ. ದೆಹಲಿ ವಿಶ್ವವಿದ್ಯಾಲಯದ ಆವರಣದಲ್ಲಿ, ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ರಾಮೇಶ್ವರಿ ಫೋಟೊಕಾಪಿ ಸರ್ವಿಸಸ್ ಎಂಬ ಪುಟ್ಟ ಅಂಗಡಿ ಇತ್ತು. ಜಾಗ ಕೊಟ್ಟಿದ್ದು ವಿಶ್ವವಿದ್ಯಾಲಯವೇ. ಪ್ರಾಧ್ಯಾಪಕರು ಪಠ್ಯಕ್ರಮಕ್ಕೆ ತಕ್ಕಂತೆ ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಗುರುತು ಮಾಡಿ ಕೊಡುತ್ತಿದ್ದರು. ಅಂಗಡಿಯವರು ಅವನ್ನು ಜೆರಾಕ್ಸ್ ಮಾಡಿ, ಸುರುಳಿ ಬೈಂಡಿಂಗ್ ಹಾಕಿ, ‘ಕೋರ್ಸ್ ಪ್ಯಾಕ್’ ಎಂದು ಪುಟಕ್ಕೆ ಪೈಸೆಗಳ ಲೆಕ್ಕದಲ್ಲಿ ಕೊಡುತ್ತಿದ್ದರು. ಎಂ.ಎ. ಓದುವ ಹುಡುಗನೊಬ್ಬ ಒಂದು ವಿಷಯಕ್ಕೆ ಹತ್ತಿಪ್ಪತ್ತು ಪುಸ್ತಕಗಳಿಂದ ಒಂದೊಂದು ಅಧ್ಯಾಯ ಓದಬೇಕು. ಆ ಪುಸ್ತಕಗಳನ್ನೆಲ್ಲ ಕೊಳ್ಳುವುದು ಮಧ್ಯಮವರ್ಗದ ಮನೆಗೂ ಆಗದ ಮಾತು.

2012ರ ಆಗಸ್ಟ್‌ನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್, ಕೇಂಬ್ರಿಡ್ಜ್ ಯೂನಿವರ್ಸಿಟಿ ಪ್ರೆಸ್, ಟೇಲರ್ ಅಂಡ್ ಫ್ರಾನ್ಸಿಸ್ ಸೇರಿ ಈ ಅಂಗಡಿಯ ಮೇಲೂ ವಿಶ್ವವಿದ್ಯಾಲಯದ ಮೇಲೂ ದೆಹಲಿ ಹೈಕೋರ್ಟ್‌ನಲ್ಲಿ ದಾವೆ ಹೂಡಿದವು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಕೋರ್ಸ್ ಪ್ಯಾಕ್ ಮಾರಾಟಕ್ಕೆ ಮಧ್ಯಂತರ ತಡೆಯೂ ಬಂತು. ವಿದ್ಯಾರ್ಥಿಗಳು ಬೀದಿಗಿಳಿದರು, ಅಷ್ಟೇ ಅಲ್ಲ, ಸಂಘ ಕಟ್ಟಿಕೊಂಡು ಮೊಕದ್ದಮೆಯಲ್ಲಿ ತಾವೂ ಕಕ್ಷಿದಾರರಾದರು. ಅವರಂತೆಯೇ ಶಿಕ್ಷಕರು, ಕಾನೂನು ಪಂಡಿತರ ಸಂಘವೊಂದು ನ್ಯಾಯಾಲಯದ ಒಳಗೆ ವಾದ ಮಾಡಿತು. ಅದರ ಹಿಂದೆ ದೊಡ್ಡ ಶಕ್ತಿಯಾಗಿ ನಿಂತವರು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್‌ನಲ್ಲಿ ಓದಿದ ಶಮ್ನಾದ್ ಬಶೀರ್. 2019ರಲ್ಲಿ ನಮ್ಮ ಚಿಕ್ಕಮಗಳೂರಿನ ಬೆಟ್ಟದ ದಾರಿಯಲ್ಲಿ ತೀರಿಕೊಂಡ ಆ ಮೇಧಾವಿಯನ್ನು ಕನ್ನಡದ ಶಿಕ್ಷಕರು ನೆನೆಯಬೇಕಾದ ಕಾರಣ ಇದು. ಪ್ರಕಾಶಕರಿಗೆ ಇನ್ನೊಂದು ಮುಜುಗರವೂ ಕಾದಿತ್ತು. ಯಾರ ಹಕ್ಕು ಕಾಪಾಡುತ್ತೇವೆ ಎಂದು ಅವರು ಹೊರಟಿದ್ದರೋ ಆ ಲೇಖಕರಲ್ಲೇ ಹಲವರು, ದಾವೆ ಹಿಂತೆಗೆದುಕೊಳ್ಳಿ, ನಮ್ಮ ಬರಹ ವಿದ್ಯಾರ್ಥಿಗಳ ಕೈಗೆ ಹೋಗಲಿ ಎಂದು ಪತ್ರ ಬರೆದರು. ಆಕ್ಸ್‌ಫರ್ಡ್‌ನ ಲೇಖಕರೇ ಆದ ಅಮರ್ತ್ಯ ಸೇನ್ ಕೂಡ ತಮ್ಮ ಅಸಮಾಧಾನ ತಿಳಿಸಿದರು.

2016ರ ಸೆಪ್ಟೆಂಬರ್ 16ರಂದು ನ್ಯಾಯಮೂರ್ತಿ ರಾಜೀವ್ ಸಹಾಯ್ ಎಂಡ್ಲಾ ದಾವೆಯನ್ನು ವಜಾ ಮಾಡಿದರು. ತೀರ್ಪು ಉದ್ದವಾಗಿದೆ, ಆದರೆ ಅದರ ಒಳಗಿನ ಒಂದು ವಾದ ನನಗೆ ಬಹಳ ಹಿಡಿಸಿದೆ. ತಾವು ಕಾನೂನು ಓದುತ್ತಿದ್ದ ಕಾಲದಲ್ಲಿ ವಿದ್ಯಾರ್ಥಿಗಳು ಗ್ರಂಥಾಲಯದಲ್ಲಿ ಕುಳಿತು ಬೇಕಾದ ಪುಟಗಳನ್ನು ಕೈಯಲ್ಲೇ ನಕಲು ಮಾಡಿಕೊಳ್ಳುತ್ತಿದ್ದುದನ್ನು ಅವರು ನೆನೆಯುತ್ತಾರೆ. ಅದನ್ನು ಯಾರೂ ಕಳ್ಳತನ ಎನ್ನಲಿಲ್ಲ. ಕೈಬರಹದ ಜಾಗಕ್ಕೆ ಯಂತ್ರ ಬಂದಿತು ಎಂಬ ಒಂದೇ ಕಾರಣಕ್ಕೆ ಸರಿಯಾಗಿದ್ದದ್ದು ತಪ್ಪಾಗುವುದು ಹೇಗೆ? ಅವರ ಇನ್ನೊಂದು ಮಾತು ಇನ್ನೂ ಮುಖ್ಯವಾದುದು. ಬೋಧನೆ ಎಂದರೆ ಗಂಟೆ ಹೊಡೆದ ಮೇಲೆ ಶುರುವಾಗಿ ಮತ್ತೆ ಗಂಟೆ ಹೊಡೆದಾಗ ಮುಗಿಯುವ ನಲವತ್ತೈದು ನಿಮಿಷವಲ್ಲ. ಶಿಕ್ಷಕರು ಪಾಠಕ್ಕೆ ತಯಾರಾಗುವುದು, ಓದಲು ಸಾಮಗ್ರಿ ಒದಗಿಸುವುದು, ವಿದ್ಯಾರ್ಥಿ ಮನೆಯಲ್ಲಿ ಕೂತು ಓದುವುದು ಎಲ್ಲವೂ ಅದರೊಳಗೇ ಬರುತ್ತವೆ.

ಪ್ರಕಾಶಕರು ಮೇಲ್ಮನವಿ ಹೋದರು. ಅದೇ ವರ್ಷ ಡಿಸೆಂಬರ್ 9ರಂದು ನ್ಯಾಯಮೂರ್ತಿಗಳಾದ ಪ್ರದೀಪ್ ನಂದ್ರಜೋಗ್ ಮತ್ತು ಯೋಗೇಶ್ ಖನ್ನಾ ಅವರ ಪೀಠ ಬೋಧನೆಯ ಈ ವಿಶಾಲ ಅರ್ಥವನ್ನು ಒಪ್ಪಿತು. ಎಷ್ಟು ಪುಟ ನಕಲು ಮಾಡಿದ್ದೀರಿ ಎಂಬುದರಿಂದ ನ್ಯಾಯ ಅನ್ಯಾಯ ತೀರ್ಮಾನವಾಗುವುದಿಲ್ಲ, ಬೋಧನೆಯ ಉದ್ದೇಶಕ್ಕೆ ಅಷ್ಟು ಬೇಕಿತ್ತೇ ಎಂಬುದರಿಂದ ತೀರ್ಮಾನವಾಗುತ್ತದೆ ಎಂದಿತು. ವಿಶ್ವವಿದ್ಯಾಲಯದ ಪರವಾಗಿ ಅಂಗಡಿಯವರು ಯಂತ್ರ ತಿರುಗಿಸಿದರೂ ಅದು ವಿಶ್ವವಿದ್ಯಾಲಯದ್ದೇ ಕೆಲಸ ಎಂದಿತು. ಆದರೆ ಈ ಪ್ಯಾಕ್‌ಗಳಲ್ಲಿದ್ದ ಪುಟಗಳು ನಿಜಕ್ಕೂ ಪಾಠಕ್ಕೆ ಬೇಕಾದವೇ, ಇಡೀ ಪುಸ್ತಕಗಳನ್ನೇ ನಕಲು ಮಾಡಿದ್ದು ಸರಿಯೇ ಎಂಬ ಎರಡು ವಿಷಯಗಳನ್ನು ವಿಚಾರಣೆಗೆ ವಾಪಸು ಕಳಿಸಿತು. ವಿಚಾರಣೆ ನಡೆಯಲೇ ಇಲ್ಲ. 2017ರ ಮಾರ್ಚ್‌ನಲ್ಲಿ ಪ್ರಕಾಶಕರು ದಾವೆಯನ್ನೇ ಹಿಂತೆಗೆದುಕೊಂಡರು. ಪ್ರತಿ ಮಾಡಲು ಪರವಾನಗಿ ಕೊಡುವ ಸಂಸ್ಥೆಯೊಂದು ಸುಪ್ರೀಂ ಕೋರ್ಟ್ ಬಾಗಿಲು ತಟ್ಟಿತು. ಮೇ ತಿಂಗಳಲ್ಲಿ ಅದರ ಅರ್ಜಿಯೂ ತಿರಸ್ಕೃತವಾಯಿತು.

ಹೀಗಾಗಿ ಇವತ್ತಿಗೆ ಉಳಿದಿರುವುದು ಡಿಸೆಂಬರಿನ ಆ ತೀರ್ಪು. ಪಾಠಕ್ಕೆ ಬೇಕಾದ ಅಧ್ಯಾಯವನ್ನು ತರಗತಿಯ ಮಕ್ಕಳಿಗಾಗಿ ಜೆರಾಕ್ಸ್ ಮಾಡಿಸುವ ಶಿಕ್ಷಕರು ತಲೆ ತಗ್ಗಿಸಬೇಕಾಗಿಲ್ಲ. ಇಡೀ ಪುಸ್ತಕದ ಪ್ರಶ್ನೆ ಮಾತ್ರ ಇತ್ಯರ್ಥವಾಗದೆ ಉಳಿದಿದೆ. ಅಂಗಡಿಯಲ್ಲಿ ಸಿಗುವ ಪುಸ್ತಕವನ್ನು ಇಡಿಯಾಗಿ ನಕಲು ಮಾಡಿಸುವವರು ಆ ತೀರ್ಪಿನ ನೆರಳಲ್ಲಿ ನಿಲ್ಲುವಂತಿಲ್ಲ.

ಇಲ್ಲಿ ನನ್ನದೊಂದು ಮಾತು ಸೇರಿಸಬೇಕು. ಇದು ಕಾನೂನಿನ ಮಾತಲ್ಲ. ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಸಾವಿರಾರು ರೂಪಾಯಿಯ ಪುಸ್ತಕಕ್ಕೂ ನಮ್ಮ ನೂರೈವತ್ತು ರೂಪಾಯಿಯ ಕಥಾಸಂಕಲನಕ್ಕೂ ಕಾಯ್ದೆ ಒಂದೇ. ಆದರೆ ಎರಡರ ಬದುಕು ಒಂದೇ ಅಲ್ಲ. ಕನ್ನಡದಲ್ಲಿ ಒಂದು ಕವನ ಸಂಕಲನದ ಸಾವಿರ ಪ್ರತಿ ಖರ್ಚಾಗುವುದೇ ದೊಡ್ಡ ಸಂಗತಿ. ಲೇಖಕರೇ ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿರುತ್ತಾರೆ, ಪ್ರಕಾಶಕರು ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಮೂರು ದಿನ ಕೂತು ಮಾರುತ್ತಾರೆ. ಅಂಥ ಪುಸ್ತಕ ಕಾಲೇಜಿಗೆ ಪಠ್ಯವಾದರೆ ಅವರಿಗೆ ಬರುವುದು ಅದೊಂದೇ ಒಳ್ಳೆಯ ವರ್ಷ. ಆ ವರ್ಷವೇ ಪಿಡಿಎಫ್ ಹರಿದಾಡಿದರೆ ಆ ಲೇಖಕರ ಮುಂದಿನ ಪುಸ್ತಕ ಬರುವುದು ಕಷ್ಟ. ದೆಹಲಿಯ ತೀರ್ಪನ್ನು ಇದಕ್ಕೆ ನೆಪ ಮಾಡಿಕೊಳ್ಳಬಾರದು. ಒಂದು ಕಥೆ ಪಾಠಕ್ಕೆ ಬೇಕಾದರೆ ಒಂದು ಕಥೆಯನ್ನಷ್ಟೇ ಜೆರಾಕ್ಸ್ ಮಾಡಿಸಿ, ಇಡೀ ಸಂಕಲನ ಬೇಕಾದರೆ ಪುಸ್ತಕವನ್ನೇ ತರಿಸಿ. ಪ್ರಕಾಶಕರನ್ನು ನೇರವಾಗಿ ಕೇಳಿದರೆ ಇಪ್ಪತ್ತೈದು ಪ್ರತಿಗೆ ಒಳ್ಳೆಯ ರಿಯಾಯಿತಿ ಕೊಡದವರು ವಿರಳ.

ಮೊಬೈಲು ಬಂದ ಮೇಲೆ ಗೆರೆ ಇನ್ನಷ್ಟು ಮಸುಕಾಗಿದೆ. ತರಗತಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಳೆಯ ಪಾಠದ ಕವನದ ಫೋಟೊ ಹಾಕಿದರೆ ಅದು ಬೋಧನೆಯೇ ಎಂದು ಧೈರ್ಯವಾಗಿ ವಾದಿಸಬಹುದು. ಗುಂಪಿನಲ್ಲಿರುವವರು ಆ ತರಗತಿಯ ಮಕ್ಕಳು, ಉದ್ದೇಶ ಆ ಪಾಠ. ಅದೇ ಫೋಟೊ ಯಾರು ಬೇಕಾದರೂ ಸೇರಬಹುದಾದ ಚಾನೆಲ್‌ಗೆ ಹೋದ ಕ್ಷಣ ತರಗತಿಯ ಗೋಡೆ ಬಿದ್ದುಹೋಗುತ್ತದೆ. ಅದು ಸಾರ್ವಜನಿಕ ಪ್ರಸಾರ. ಅಂತರ್ಜಾಲದಲ್ಲಿ ಈಗಾಗಲೇ ಹಕ್ಕುದಾರರೇ ಹಾಕಿರುವ ಲೇಖನ, ವಿಡಿಯೊಗಳಾದರೆ ಇಳಿಸಿ ಹಂಚುವುದಕ್ಕಿಂತ ಕೊಂಡಿ ಕಳಿಸುವುದು ಸರಳ ಮತ್ತು ಸುರಕ್ಷಿತ.

ಮಣಿಪಾಲದ ಮೊಕದ್ದಮೆಗೆ ಮರಳಿ ಬರೋಣ, ಯಾಕೆಂದರೆ ನಮ್ಮ ಶಾಲೆಗಳು ಹೆಚ್ಚು ಎಡವುವುದು ವಾರ್ಷಿಕೋತ್ಸವದಲ್ಲಿ. ಸುಪ್ರೀಂ ಕೋರ್ಟ್ ಅಂದು ಬೊಟ್ಟು ಮಾಡಿದ ಉಪಖಂಡ 2012ರ ತಿದ್ದುಪಡಿಯ ನಂತರ 52ನೇ ಸೆಕ್ಷನ್ನಿನ ‘ಜೆ’ ಆಗಿದೆ. ಶಾಲೆಯ ಚಟುವಟಿಕೆಯ ಭಾಗವಾಗಿ ಸಿಬ್ಬಂದಿ ಮತ್ತು ವಿದ್ಯಾರ್ಥಿಗಳು ನಾಟಕ ಆಡಬಹುದು, ಹಾಡಬಹುದು. ಸಿನಿಮಾ ತೋರಿಸಬಹುದು, ಧ್ವನಿಮುದ್ರಿತ ಹಾಡು ಹಾಕಬಹುದು. ನೋಡುವವರು ಸಿಬ್ಬಂದಿ, ವಿದ್ಯಾರ್ಥಿಗಳು, ತಂದೆತಾಯಿ ಪೋಷಕರು, ಸಂಸ್ಥೆಯ ಕೆಲಸಕ್ಕೆ ಸಂಬಂಧಪಟ್ಟವರು ಇಷ್ಟೇ ಆಗಿರಬೇಕು. ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯನ್ನು ನಾಲ್ಕನೇ ತರಗತಿಯ ಮಕ್ಕಳು ಇಲಿಯ ಮುಖವಾಡ ಹಾಕಿಕೊಂಡು ಶಾಲೆಯ ಅಂಗಳದಲ್ಲಿ ಆಡಲು ಯಾರ ಅಪ್ಪಣೆಯೂ ಬೇಡ. ಸಿನಿಮಾ ಹಾಡಿಗೆ ಕುಣಿಯಲೂ ಬೇಡ.

ತೊಂದರೆ ಶುರುವಾಗುವುದು ಮಾರನೆಯ ದಿನ. ಇಡೀ ಕಾರ್ಯಕ್ರಮದ ವಿಡಿಯೊವನ್ನು ಶಾಲೆಯ ಯೂಟ್ಯೂಬ್ ಚಾನೆಲ್‌ಗೆ ಏರಿಸುತ್ತಾರೆ. ಸಂಜೆಯೊಳಗೆ ಆಡಿಯೊ ಕಂಪನಿಯ ಹಕ್ಕುಸೂಚನೆ ಬರುತ್ತದೆ, ಹಾಡು ಮೂಕವಾಗುತ್ತದೆ ಅಥವಾ ವಿಡಿಯೊವೇ ಮರೆಯಾಗುತ್ತದೆ. ಮುಖ್ಯೋಪಾಧ್ಯಾಯರು ಗಾಬರಿಯಾಗಿ ಮುಂದಿನ ವರ್ಷ ಹಾಡೇ ಬೇಡ ಎನ್ನುತ್ತಾರೆ. ಹಾಡು ಹಾಕಿದ್ದು ತಪ್ಪಾಗಿರಲಿಲ್ಲ. ಕಾಯ್ದೆ ಅನುಮತಿ ಕೊಟ್ಟದ್ದು ಅಂಗಳದಲ್ಲಿ ಕೂತ ಪೋಷಕರಿಗೆ, ಜಗತ್ತಿಗಲ್ಲ ಎಂಬುದನ್ನು ಮರೆತದ್ದು ತಪ್ಪು. ವಿಡಿಯೊವನ್ನು ಪೋಷಕರಿಗಷ್ಟೇ ತಲುಪಿಸುವ ದಾರಿ ಹಿಡಿದರೆ ಆಯಿತು. ಟಿಕೆಟ್ ಇಟ್ಟು ಊರವರನ್ನೆಲ್ಲ ಕರೆಯುವ ನಾಟಕಕ್ಕಾದರೆ ಹಕ್ಕುದಾರರಿಗೆ ಒಂದು ಪತ್ರ ಬರೆದು ಅನುಮತಿ ಪಡೆಯಲೇಬೇಕು. ಅಂದಹಾಗೆ, ಸಿನಿಮಾ ತೋರಿಸುವುದಕ್ಕೆ ಕಾಯ್ದೆಯ ಅಡ್ಡಿ ಇಲ್ಲದಿದ್ದರೂ ಮನೆಯ ಒಟಿಟಿ ಖಾತೆಯಿಂದ ತೋರಿಸುವವರು ಆ ಕಂಪನಿಯ ಷರತ್ತುಗಳನ್ನು ಒಮ್ಮೆ ಓದಿಕೊಳ್ಳಬೇಕು. ಅದು ನೀವು ಒಪ್ಪಿ ಸಹಿ ಹಾಕಿದ ಬೇರೆಯೇ ಕರಾರು.

ಶಿಕ್ಷಕರಿಗೆ ಇಷ್ಟು ಸ್ವಾತಂತ್ರ್ಯ ಕೊಟ್ಟ ಕಾಯ್ದೆ ಪಠ್ಯಪುಸ್ತಕ ಅಚ್ಚು ಹಾಕುವವರಿಗೆ ಅದನ್ನು ಕೊಟ್ಟಿಲ್ಲ, ಕೊಡಬಾರದು ಕೂಡ. ಬೋಧನೆಗಾಗಿಯೇ ಹೊರತರುವ ಸಂಕಲನಕ್ಕೆ ಬೇರೆ ನಿಯಮವಿದೆ. ಅದರ ಬಹುಭಾಗ ಹಕ್ಕುಸ್ವಾಮ್ಯ ಇಲ್ಲದ ಸಾಮಗ್ರಿ ಆಗಿರಬೇಕು. ಹಕ್ಕಿರುವ ಕೃತಿಯಿಂದ ತೆಗೆದದ್ದು ಚಿಕ್ಕ ಭಾಗವಾಗಿರಬೇಕು. ಒಬ್ಬ ಲೇಖಕರ ಕೃತಿಗಳಿಂದ ಒಬ್ಬ ಪ್ರಕಾಶಕರು ಐದು ವರ್ಷದಲ್ಲಿ ಎರಡಕ್ಕಿಂತ ಹೆಚ್ಚು ಭಾಗ ತೆಗೆಯುವಂತಿಲ್ಲ. ಅದನ್ನು ಮೀರಿದರೆ ಅನುಮತಿ ಬೇಕು. 2022ರಲ್ಲಿ ದೇವನೂರ ಮಹಾದೇವ ಅವರು ಹತ್ತನೇ ತರಗತಿಯ ಕನ್ನಡ ಪುಸ್ತಕದಲ್ಲಿದ್ದ ತಮ್ಮ ‘ಎದೆಗೆ ಬಿದ್ದ ಅಕ್ಷರ’ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದಾಗ ನಾಡಿನ ಬಹಳ ಮಂದಿಗೆ ಲೇಖಕರ ಒಪ್ಪಿಗೆ ಎಂಬುದೊಂದು ಇದೆ ಎಂದೇ ಮೊದಲ ಬಾರಿಗೆ ಗೊತ್ತಾಯಿತು. ಆ ವಿವಾದದ ರಾಜಕೀಯ ಏನೇ ಇರಲಿ, ಬರೆದವರ ಮಾತಿಗೆ ಪಠ್ಯದಲ್ಲಿ ಬೆಲೆ ಇದೆ ಎಂಬುದನ್ನು ಅದು ಎಲ್ಲರ ಕಣ್ಣಿಗೆ ತಂದಿತು.

ಗೈಡುಗಳ ವ್ಯವಹಾರದಲ್ಲೂ ಕೋರ್ಟುಗಳು ಹೀಗೇ ಬೇರ್ಪಡಿಸಿ ನೋಡಿವೆ. ಇ.ಎಂ. ಫಾರ್ಸ್ಟರ್ ಅವರ ‘ಎ ಪ್ಯಾಸೇಜ್ ಟು ಇಂಡಿಯಾ’ ಕಾದಂಬರಿಗೆ ಬಂದ ಗೈಡೊಂದರ ಮೇಲೆ ಫಾರ್ಸ್ಟರ್ ಅವರೇ ಮದ್ರಾಸಿನಲ್ಲಿ ದಾವೆ ಹೂಡಿದ್ದರು. ಅದು ಕಾದಂಬರಿಯ ನಕಲಲ್ಲ, ಅದರ ಬಗೆಗಿನ ಬೇರೆ ಪುಸ್ತಕ ಎಂದು 1964ರಲ್ಲಿ ಮದ್ರಾಸ್ ಹೈಕೋರ್ಟ್ ಹೇಳಿತು. ಗಣಿತ ಪಠ್ಯಪುಸ್ತಕದ ಲೆಕ್ಕಗಳನ್ನು ಹಂತಹಂತವಾಗಿ ಬಿಡಿಸಿ ತೋರಿಸಿದ ಗೈಡಿನ ಪರವಾಗಿ 2008ರಲ್ಲಿ ದೆಹಲಿ ಹೈಕೋರ್ಟ್ ನಿಂತಿತು. ಆದರೆ ಸಿಬಿಎಸ್‌ಇ ಪ್ರಶ್ನೆಪತ್ರಿಕೆಗಳನ್ನು ಹಾಗೆಹಾಗೇ ಅಚ್ಚುಹಾಕಿ ಮಾರಿದ ಪ್ರಕಾಶಕರು ಬೋಧನೆಯ ರಿಯಾಯಿತಿ ಕೇಳಿದಾಗ 1996ರಲ್ಲಿ ಅದೇ ಕೋರ್ಟು ಒಪ್ಪಲಿಲ್ಲ. ಮಾರಾಟ ಬೋಧನೆಯಲ್ಲ. ನಿಮ್ಮ ಊರಿನ ಕೋಚಿಂಗ್ ಸೆಂಟರ್ ಬೇರೆಯವರ ಪುಸ್ತಕದ ಪುಟಗಳಿಗೆ ತನ್ನ ಹೆಸರಿನ ರಕ್ಷಾಪುಟ ಹಾಕಿ ‘ಮೆಟೀರಿಯಲ್’ ಎಂದು ಊರೆಲ್ಲ ಮಾರುತ್ತಿದ್ದರೆ, ಅದು ಯಾವ ಕಡೆ ಬೀಳುತ್ತದೆ ಎಂದು ಇದರಿಂದ ಊಹಿಸಬಹುದು. ಲಾಭಕ್ಕಾಗಿ ಗೊತ್ತಿದ್ದೂ ಹಕ್ಕು ಮೀರಿದವರಿಗೆ ಕಾಯ್ದೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ.

ಇಷ್ಟು ಹೊತ್ತು ಹಕ್ಕಿರುವ ಕೃತಿಗಳ ಮಾತಾಯಿತು. ಹಕ್ಕಿನ ಅವಧಿ ಮುಗಿದ ಕೃತಿಗಳ ದೊಡ್ಡ ಕಣಜವೇ ನಮ್ಮ ಬಳಿ ಇದೆ, ಅದನ್ನು ನಾವು ಬಳಸುವುದು ಕಡಿಮೆ. ಭಾರತದಲ್ಲಿ ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಹಕ್ಕು ಉಳಿಯುತ್ತದೆ. ಮೊದಲು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಕೃತಿಗಳ ಅವಧಿ 1991ಕ್ಕೆ ಮುಗಿಯುವುದನ್ನು ನೋಡಿ ಇನ್ನೂ ಹತ್ತು ವರ್ಷ ಸೇರಿಸಿದರು. ಈ ಲೆಕ್ಕದಲ್ಲಿ ಪಂಜೆ ಮಂಗೇಶರಾಯರು, ಮುದ್ದಣ ಎಂದೋ ಎಲ್ಲರ ಸೊತ್ತಾದರು. 1946ರಲ್ಲಿ ಹೋದ ಬಿ.ಎಂ. ಶ್ರೀಕಂಠಯ್ಯ ಮತ್ತು ಕೈಲಾಸಂ ಅವರ ಬರಹ 2007ರಿಂದ ಮುಕ್ತ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರ ಕೃತಿಗಳು 2024ರ ಜನವರಿ 1ರಿಂದ ಮುಕ್ತವಾಗಿವೆ. ಡಿ.ವಿ.ಜಿ. ಅವರಿಗೆ 2035ರ ಕೊನೆಯವರೆಗೆ, ಬೇಂದ್ರೆಯವರಿಗೆ 2041ರ, ಮಾಸ್ತಿಯವರಿಗೆ 2046ರ, ಕುವೆಂಪು ಅವರಿಗೆ 2054ರ, ಕಾರಂತರಿಗೆ 2057ರ ಕೊನೆಯವರೆಗೆ ಕಾಯಬೇಕು. ಮುಕ್ತವಾದ ಕೃತಿಯನ್ನು ಅಚ್ಚು ಹಾಕಬಹುದು, ಹಾಡಿ ಯೂಟ್ಯೂಬಿಗೆ ಏರಿಸಬಹುದು, ಚಿತ್ರ ಬರೆದು ಪುಸ್ತಕ ಮಾಡಿ ಮಾರಬಹುದು.

ಒಂದು ಎಚ್ಚರ ಬೇಕು. ಪಂಪ, ಬಸವಣ್ಣ, ಕುಮಾರವ್ಯಾಸರ ಕೃತಿಗಳ ಮೇಲೆ ಯಾರ ಹಕ್ಕೂ ಇಲ್ಲ. ಆದರೆ ಪಂಪನ ‘ವಿಕ್ರಮಾರ್ಜುನ ವಿಜಯ’ಕ್ಕೆ ಮೊನ್ನೆ ಮೊನ್ನೆ ಬರೆದ ಗದ್ಯಾನುವಾದ, ಟಿಪ್ಪಣಿ, ಮುನ್ನುಡಿ ಬರೆದವರ ಹಕ್ಕಿಗೆ ಒಳಪಟ್ಟಿರುತ್ತವೆ. ಮೂಲ ಪದ್ಯ ಬೇಕಾದಷ್ಟು ತೆಗೆದುಕೊಳ್ಳಿ, ಅದರ ಕೆಳಗಿನ ತಾತ್ಪರ್ಯವನ್ನು ಅಚ್ಚು ಹಾಕುವ ಮುನ್ನ ಯೋಚಿಸಿ.

ಹಕ್ಕಿದ್ದೂ ಬಾಗಿಲು ತೆರೆದಿಟ್ಟವರೂ ನಮ್ಮಲ್ಲಿದ್ದಾರೆ. 1992ರಲ್ಲಿ ತೀರಿಕೊಂಡ ನಿರಂಜನ ಅವರ 55 ಕೃತಿಗಳನ್ನು ಅವರ ಕುಟುಂಬ 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಿತು. ಹೆಸರು ಹೇಳಿ, ಅದೇ ಪರವಾನಗಿಯನ್ನು ಮುಂದುವರಿಸಿದರೆ ಯಾರು ಬೇಕಾದರೂ ಬಳಸಬಹುದು. ಮೈಸೂರು ವಿಶ್ವವಿದ್ಯಾಲಯ ತನ್ನ ಕನ್ನಡ ವಿಶ್ವಕೋಶವನ್ನು ಹೀಗೆಯೇ ಮುಕ್ತಗೊಳಿಸಿತು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಜಾಲತಾಣದಲ್ಲಿ ಚಿತ್ರಗಳಿರುವ ಮಕ್ಕಳ ಕಥೆಗಳನ್ನು ಇಳಿಸಿಕೊಂಡು, ಅನುವಾದಿಸಿ, ಅಚ್ಚು ಹಾಕಿಕೊಳ್ಳಬಹುದು. ಕೊಂಕಣಿಯನ್ನೋ ತುಳುವನ್ನೋ ಮನೆಮಾತಾಗಿ ಉಳ್ಳ ಮಗುವಿಗೆ ಶಿಕ್ಷಕಿಯೇ ಆ ಭಾಷೆಯಲ್ಲಿ ಕಥೆ ಮಾಡಿಕೊಡಬಹುದು. ‘ಉಚಿತವಾಗಿ ಸಿಗುತ್ತದೆ’ ಎಂಬುದಕ್ಕೂ ‘ಮುಕ್ತ’ ಎಂಬುದಕ್ಕೂ ಇರುವ ವ್ಯತ್ಯಾಸ ಇಲ್ಲಿ ಅರ್ಥವಾಗಬೇಕು. ಎನ್‌ಸಿಇಆರ್‌ಟಿ ಪಠ್ಯಪುಸ್ತಕಗಳನ್ನು ಯಾರು ಬೇಕಾದರೂ ಉಚಿತವಾಗಿ ಇಳಿಸಿಕೊಳ್ಳಬಹುದು, ಆದರೆ ಅವನ್ನು ಅಚ್ಚು ಹಾಕಿ ಮಾರುವ ಹಕ್ಕು ಇಳಿಸಿಕೊಂಡವರಿಗೆ ಬರುವುದಿಲ್ಲ.

2012ರ ತಿದ್ದುಪಡಿ ಮಾಡಿದ ಒಂದು ಕೆಲಸವನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ. ಕಣ್ಣು ಕಾಣದ, ಅಚ್ಚಾದ ಪುಟವನ್ನು ಓದಲಾಗದ ಯಾರಿಗೇ ಆಗಲಿ ಯಾವ ಕೃತಿಯನ್ನಾದರೂ ಬ್ರೈಲ್, ಧ್ವನಿ, ದೊಡ್ಡಕ್ಷರ, ಸ್ಕ್ರೀನ್ ರೀಡರ್ ಓದುವ ಕಡತ ಹೀಗೆ ಅವರಿಗೆ ಒಗ್ಗುವ ರೂಪಕ್ಕೆ ತಂದುಕೊಡುವುದು ಉಲ್ಲಂಘನೆಯಲ್ಲ. ಇಲ್ಲಿ ಇಡೀ ಪುಸ್ತಕವನ್ನೂ ಮಾಡಬಹುದು. ಲಾಭ ಮಾಡಬಾರದು, ಆ ಓದುಗರಿಗಷ್ಟೇ ತಲುಪಬೇಕು ಎಂಬುದಷ್ಟೇ ಷರತ್ತು. ಇದೇ ಉದ್ದೇಶದ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲಿ ಮೊಟ್ಟಮೊದಲು ಅಂಗೀಕರಿಸಿದ ದೇಶ ಭಾರತ. ನಿಮ್ಮ ತರಗತಿಯಲ್ಲಿ ಅಂಥ ಒಂದು ಮಗು ಇದ್ದರೆ, ಉಳಿದ ಮಕ್ಕಳು ಸರದಿಯಲ್ಲಿ ಪುಸ್ತಕವನ್ನು ಗಟ್ಟಿಯಾಗಿ ಓದಿ ಮೊಬೈಲಿನಲ್ಲಿ ಧ್ವನಿ ಮುದ್ರಿಸಿ ಕೊಡಲಿ. ಯಾರನ್ನೂ ಕೇಳಬೇಕಾಗಿಲ್ಲ.

ಮಾರಾಟಕ್ಕೇ ಸಿಗದ ಪುಸ್ತಕಗಳದ್ದು ಕನ್ನಡಕ್ಕೆ ಇನ್ನೊಂದು ದೊಡ್ಡ ಸಂಕಟ. ಎಷ್ಟೋ ಒಳ್ಳೆಯ ಕೃತಿಗಳು ಒಂದೇ ಮುದ್ರಣ ಕಂಡು ಕಣ್ಮರೆಯಾಗಿವೆ. ಭಾರತದಲ್ಲಿ ಕೊಳ್ಳಲು ಸಿಗದ ಪುಸ್ತಕವನ್ನು ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನ ಬಳಕೆಗೆ ಮೂರು ಪ್ರತಿಯವರೆಗೆ ಮಾಡಿಟ್ಟುಕೊಳ್ಳಬಹುದು. ತನ್ನಲ್ಲಿ ಈಗಾಗಲೇ ಇರುವ ಪ್ರತಿಯನ್ನು ಸಂರಕ್ಷಣೆಗಾಗಿ ಡಿಜಿಟಲ್ ರೂಪದಲ್ಲೂ ಇಡಬಹುದು. ಪುಟ ಪುಡಿಯಾಗುತ್ತಿರುವ ಪುಸ್ತಕಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿರುವ ಗ್ರಂಥಪಾಲಕರು ಈ ಅವಕಾಶವನ್ನು ಬಳಸಲಿ.

ಶಿಕ್ಷಕರು ಕೊಡಬೇಕಾದ್ದು ಒಂದೇ ಒಂದು ಉಳಿಯಿತು, ಅದಕ್ಕೆ ದುಡ್ಡು ಬೇಡ. ಜೆರಾಕ್ಸ್ ಪುಟದ ಮೇಲೆ ಬರೆದವರ ಹೆಸರು, ಪುಸ್ತಕದ ಹೆಸರು, ಪ್ರಕಾಶಕರ ಹೆಸರು ಇರಲಿ. ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಲೇಖಕರು ಹಕ್ಕನ್ನು ಮಾರಿದ ಮೇಲೂ ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಅಧಿಕಾರ ಅವರಲ್ಲೇ ಉಳಿಯುತ್ತದೆ. ಅವರ ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ತಿರುಚುವುದನ್ನು ತಡೆಯುವ ಅಧಿಕಾರವೂ ಅವರದೇ. ಹಾಳೆಯ ಮೇಲಿನ ಹೆಸರು ನೋಡಿ ಗ್ರಂಥಾಲಯಕ್ಕೆ ಹೋಗಿ ಆ ಲೇಖಕರ ಇನ್ನೊಂದು ಪುಸ್ತಕ ಕೇಳಿದ ಮಕ್ಕಳನ್ನು ನಾನು ಕಂಡಿದ್ದೇನೆ. ಹೆಸರಿಲ್ಲದ ಹಾಳೆಯಿಂದ ಆ ದಾರಿ ಇಲ್ಲ.

ಶಿಕ್ಷಣ ಇಲಾಖೆಗೆ ನನ್ನದೊಂದು ಮನವಿ. 52ನೇ ಸೆಕ್ಷನ್ನಿನಲ್ಲಿ ಶಾಲೆಗೆ ಸಂಬಂಧಪಟ್ಟ ಭಾಗಗಳನ್ನು ತಿಳಿಗನ್ನಡದಲ್ಲಿ ಬರೆಸಿ, ಎರಡು ಪುಟದ ಸುತ್ತೋಲೆಯಾಗಿ ಎಲ್ಲ ಶಾಲೆಗಳಿಗೂ ಕಳಿಸಿ. ಕಾಯ್ದೆಯ ಪಠ್ಯವನ್ನು ವಿವರಣೆಯೊಂದಿಗೆ ಅಚ್ಚು ಹಾಕಲು ಅದೇ 52ನೇ ಸೆಕ್ಷನ್ ಅನುಮತಿ ಕೊಟ್ಟಿದೆ.